ಕೇಳುವ ವಿದ್ಯೆ

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದು ಕಾಲೇಜು ಪ್ರವೇಶ ಶುರುವಾಗುವ ದಿನಗಳಲ್ಲಿ ಪುಣೆಯ ಕನ್ನಡಿಗರ ಮನೆಗಳ ಮಾತುಕತೆ ಈಚೆಗೆ ಸ್ವಲ್ಪ ಬದಲಾಗಿದೆ. ಮೊದಲೆಲ್ಲ ಎಂಜಿನಿಯರಿಂಗೋ ಕಾಮರ್ಸೋ ಎಂಬಲ್ಲಿಗೆ ಚರ್ಚೆ ಮುಗಿಯುತ್ತಿತ್ತು. ಈಗ ಊಟಕ್ಕೆ ಕೂತ ಮಗಳು, "ನಾನು ಸೈಕಾಲಜಿ ತಗೋತೀನಿ" ಅನ್ನುತ್ತಾಳೆ. ಅಪ್ಪ ಅಮ್ಮನ ಮುಖ ನೋಡುತ್ತಾರೆ. ಅಮ್ಮ ಇನ್ನೊಂದು ಸೌಟು ಸಾರು ಬಡಿಸುತ್ತಾರೆ. ಸುದ್ದಿ ಮನೆತನದ ವಾಟ್ಸಾಪ್ ಗುಂಪಿಗೆ ತಲುಪಿದ ಮೇಲೆ ಹುಬ್ಬಳ್ಳಿಯ ಸೋದರಮಾವ, ಶಿವಮೊಗ್ಗದ ದೊಡ್ಡಮ್ಮ, ಬೆಂಗಳೂರಿನ ಚಿಕ್ಕಪ್ಪ ಎಲ್ಲರೂ ಒಬ್ಬೊಬ್ಬರಾಗಿ ಫೋನು ಮಾಡುತ್ತಾರೆ.

ಅವರೆಲ್ಲ ಕೇಳುವ ಪ್ರಶ್ನೆಗಳು ಎರಡೇ. ಹುಡುಗಿಗೆ: "ಹಾಗಾದ್ರೆ ಈಗ ನನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ?" ಅಪ್ಪ ಅಮ್ಮನಿಗೆ: "ಅಲ್ಲಾ, ಅದನ್ನ ಓದಿ ಮುಂದೇನು ಮಾಡ್ತಾಳೆ?" ಎರಡನೆಯದು ಗಂಭೀರ ಪ್ರಶ್ನೆ, ಅದಕ್ಕೆ ಆಮೇಲೆ ಬರೋಣ. ಮೊದಲನೆಯದು ತಮಾಷೆಗೆ ಕೇಳಿದ್ದು. ಆದರೆ ಅದನ್ನೂ ಹಾಗೇ ಬಿಡುವಂತಿಲ್ಲ, ಏಕೆಂದರೆ ಆ ಹುಡುಗಿಯೂ ಒಳಗೊಳಗೆ ಅದನ್ನೇ ನಂಬಿಕೊಂಡಿರುತ್ತಾಳೆ. ಮೂರು ವರ್ಷ ಓದಿದರೆ ಎದುರಿಗಿದ್ದವರ ಮನಸ್ಸು ತೆರೆದ ಪುಸ್ತಕವಾಗುತ್ತದೆ ಎಂದು.

ಈ ವಿಷಯ ಆರಿಸಿಕೊಳ್ಳುವ ಮಕ್ಕಳನ್ನು ಸ್ವಲ್ಪ ಹೊತ್ತು ಮಾತಾಡಿಸಿ ನೋಡಿ. ಕೆಲವರು ವೆಬ್ ಸೀರೀಸ್ ನೋಡಿ ಬಂದವರು, ಕೊಲೆಗಾರನ ಮನಸ್ಸು ಹೇಗೆ ಓಡುತ್ತದೆ ಎಂಬ ಕುತೂಹಲ ಅವರಿಗೆ. ಕೆಲವರು ಶಾಲೆಯಲ್ಲಿ ಗೆಳೆಯ ಗೆಳತಿಯರ ಗೋಳು ಕೇಳಿ ಸಮಾಧಾನ ಹೇಳಿದವರು, "ನೀನು ಒಳ್ಳೇ ಕೌನ್ಸೆಲರ್ ಆಗ್ತೀಯ" ಅನ್ನಿಸಿಕೊಂಡವರು. ಇನ್ನು ಕೆಲವರು ಕಾರಣವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮನೆಯಲ್ಲಿ ಯಾರೋ ಒಬ್ಬರು ವರ್ಷಗಟ್ಟಲೆ ಯಾರೊಡನೆಯೂ ಸರಿಯಾಗಿ ಮಾತಾಡಿಲ್ಲ. ಅಜ್ಜ ಒಂದೊಂದಾಗಿ ಹೆಸರು ಮರೆಯುತ್ತಿದ್ದಾರೆ. ಅಪ್ಪನ ಸಿಟ್ಟಿಗೆ ಮನೆಯೇ ಹೆದರುತ್ತದೆ. ಅಥವಾ ತನಗೇ ರಾತ್ರಿ ನಿದ್ದೆ ಬರುವುದಿಲ್ಲ. ಇದಕ್ಕೆಲ್ಲ ಒಂದು ಉತ್ತರ ಸಿಕ್ಕೀತು ಎಂಬ ಆಸೆಯಿಂದ ಬಂದ ಮಕ್ಕಳಿವರು. ಈ ಗುಂಪು ಸಣ್ಣದಲ್ಲ.

ಇಂಥ ಆಸೆ ಹೊತ್ತು ತರಗತಿಗೆ ಹೋದವರಿಗೆ ಮೊದಲ ವರ್ಷ ಸ್ವಲ್ಪ ನಿರಾಸೆಯೇ ಆಗುತ್ತದೆ. ಫ್ರಾಯ್ಡ್‌ನ ಕನಸುಗಳ ಕಥೆ ಎರಡು ಮೂರು ಪೀರಿಯಡ್ಡಿಗೆ ಮುಗಿದುಹೋಗುತ್ತದೆ. ಉಳಿದದ್ದು ಮಿದುಳಿನ ಭಾಗಗಳು, ಸರಾಸರಿ, ವಿಚಲನೆ, ಪ್ರಯೋಗದ ವರದಿ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ಮೊದಲ ಪ್ರಯೋಗಶಾಲೆ ತೆರೆದಾಗಿನಿಂದ ಈ ಶಾಸ್ತ್ರ ಹಿಡಿದ ದಾರಿ ಅದು: ಮನಸ್ಸಿನ ಬಗ್ಗೆ ಏನೇ ಹೇಳು, ಅಳೆದು ತೋರಿಸು. ಮನಸ್ಸು ಓದಲು ಹೋದವರ ಕೈಗೆ ಗಣಿತದ ಪುಸ್ತಕ ಬಂದರೆ ಮುಖ ಸಪ್ಪಗಾಗುವುದು ಸಹಜ. ಆದರೆ ನಿಜವಾದ ಸ್ವಾರಸ್ಯ ಶುರುವಾಗುವುದೂ ಅಲ್ಲಿಂದಲೇ.

ಒಂದು ಉದಾಹರಣೆ ನೋಡಿ. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಒಂದು ಸರಳ ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿಕ್ಕ ಚಿತ್ರ ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಎಂದು ಕೇಳಿದರು. ಪ್ರಶ್ನೆಯಲ್ಲಿ ಒಂದೇ ಒಂದು ಕ್ರಿಯಾಪದ ಬೇರೆ ಬೇರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೆಲವರಿಗೆ "ಕಾರುಗಳು ತಾಗಿದಾಗ" ಎಂದೂ, ಕೆಲವರಿಗೆ "ಗುದ್ದಿ ನುಚ್ಚುನೂರಾದಾಗ" ಎಂದೂ ಕೇಳಿದಂತೆ. ಎಲ್ಲರೂ ನೋಡಿದ್ದು ಅದೇ ಚಿತ್ರಗಳು. ಆದರೆ ಮೆತ್ತನೆಯ ಪದ ಕೇಳಿಸಿಕೊಂಡವರು ಹೇಳಿದ ವೇಗ ಸರಾಸರಿ ಗಂಟೆಗೆ 32 ಮೈಲಿಯ ಆಸುಪಾಸು, ಜೋರಾದ ಪದ ಕೇಳಿಸಿಕೊಂಡವರದು 41ರ ಆಸುಪಾಸು. ಇನ್ನೊಂದು ಪ್ರಯೋಗದಲ್ಲಿ, ಒಂದು ವಾರ ಬಿಟ್ಟು, "ಒಡೆದ ಗಾಜು ನೋಡಿದಿರಾ?" ಎಂದು ಕೇಳಿದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಆದರೂ ಜೋರಾದ ಪದ ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಮಂದಿ ನೋಡಿದೆವು ಎಂದರು. ಸಾಧಾರಣ ಪದ ಕೇಳಿಸಿಕೊಂಡವರಲ್ಲಿ ಹಾಗೆ ಹೇಳಿದವರು 50ಕ್ಕೆ 7.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರಲ್ಲ, ಆ ಗಾದೆಗೆ ಇಲ್ಲಿ ಅಂಕಿ ಸಿಕ್ಕಿತು. ನೆನಪು ಅಂದರೆ ಪೆಟ್ಟಿಗೆಯಲ್ಲಿ ಇಟ್ಟು ಬೇಕಾದಾಗ ತೆಗೆಯುವ ಫೋಟೋ ಅಂದುಕೊಂಡಿರುತ್ತೇವೆ. ಅದು ಪ್ರತಿಸಲ ಹೊಸದಾಗಿ ಕಟ್ಟಿಕೊಳ್ಳುವ ವಸ್ತು, ಕಟ್ಟುವಾಗ ಕೇಳಿದವರ ಮಾತೂ ಅದರೊಳಗೆ ಸೇರಿಬಿಡುತ್ತದೆ. ಇದನ್ನು ಓದಿದ ಹದಿನೆಂಟರ ಹುಡುಗಿ ಮುಂದೆ ಅಪ್ಪ ಅಮ್ಮನ ಜಗಳದಲ್ಲಿ "ಅವತ್ತು ನೀವು ಹೀಗಂದಿದ್ರಿ", "ಇಲ್ಲ, ಹಾಗಂದಿರಲಿಲ್ಲ" ಎಂಬ ಮಾತು ಬಂದಾಗ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಹುಡುಕಲು ಹೋಗುವುದಿಲ್ಲ. ಇಬ್ಬರೂ ತಮಗೆ ನೆನಪಿದ್ದುದನ್ನೇ ಹೇಳುತ್ತಿರಬಹುದು ಎಂಬ ಮೂರನೆಯ ಸಾಧ್ಯತೆ ಅವಳಿಗೆ ಗೊತ್ತಿರುತ್ತದೆ.

ಬೇರೆಯವರ ಮನಸ್ಸು ಹಾಗಿರಲಿ, ನಮ್ಮದಾದರೂ ನಮಗೆ ಗೊತ್ತೇ? ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಗಳಿಗೆ ನೇರವಾಗಿ ಉಪಯೋಗವಾಗುವ ಇನ್ನೊಂದು ಪ್ರಯೋಗವಿದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನು ಎರಡನೆಯ ಸಲ ಓದಿದರು. ಕೆಲವರು ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು: ಪುಸ್ತಕ ಮುಚ್ಚಿ ಬರೆದವರಿಗೆ ನೆನಪಿದ್ದದ್ದು ಶೇಕಡಾ 56, ಮತ್ತೆ ಓದಿದವರಿಗೆ ಶೇಕಡಾ 42. ಸ್ವಾರಸ್ಯವೆಂದರೆ ಮತ್ತೆ ಮತ್ತೆ ಓದಿದವರಿಗೇ ತಮಗೆ ಚೆನ್ನಾಗಿ ಬಂದಿದೆ ಎಂಬ ಭರವಸೆ ಹೆಚ್ಚು. "ಎಲ್ಲಾ ಓದಿದ್ದೆ ಅಮ್ಮ, ಪೇಪರ್ ನೋಡಿದ ತಕ್ಷಣ ಮರೆತುಹೋಯ್ತು" ಅನ್ನುವ ಮಗು ನೆಪ ಹೇಳುತ್ತಿಲ್ಲ. ಗೊತ್ತಿದೆ ಅನ್ನಿಸುವುದೂ ಗೊತ್ತಿರುವುದೂ ಬೇರೆ ಬೇರೆ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರುವುದಿಲ್ಲ, ಅಷ್ಟೆ.

ಇಷ್ಟಾದ ಮೇಲೆ ಜಾಣ ವಿದ್ಯಾರ್ಥಿಗೆ ಒಂದು ಅನುಮಾನ ಬರಬೇಕು. ಈ ಪ್ರಯೋಗಗಳೆಲ್ಲ ಅಮೆರಿಕದ ಕಾಲೇಜು ಹುಡುಗರ ಮೇಲೆ ಮಾಡಿದವು. ಕೋಥರೂಡಿನ ಅಜ್ಜಿಗೂ ಕೊಪ್ಪಳದ ರೈತನಿಗೂ ಇವು ಅನ್ವಯವಾಗುತ್ತವೆಯೇ? ಈ ಅನುಮಾನ ಶಾಸ್ತ್ರದ ಒಳಗಿನವರಿಗೇ ಬಂದಿದೆ. 2008ರಲ್ಲಿ ಜೆಫ್ರಿ ಆರ್ನೆಟ್ ಅಮೆರಿಕದ ಪ್ರಮುಖ ಮನಶ್ಶಾಸ್ತ್ರ ಪತ್ರಿಕೆಗಳನ್ನು ಲೆಕ್ಕ ಹಾಕಿ ನೋಡಿದಾಗ, ಅಧ್ಯಯನಕ್ಕೆ ಒಳಗಾದವರಲ್ಲಿ ಶೇಕಡಾ 96ರಷ್ಟು ಜನ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಪ್ರಪಂಚದ ಜನರಲ್ಲಿ ಅವರು ಎಂಟರಲ್ಲಿ ಒಂದು ಪಾಲು. ಪಠ್ಯಪುಸ್ತಕದಲ್ಲಿ "ಮನುಷ್ಯ ಹೀಗೆ" ಎಂದು ಬರೆದಲ್ಲೆಲ್ಲ "ಯಾವ ಊರಿನ ಮನುಷ್ಯ?" ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಬೇಕು.

ಕಣ್ಣಿಗೆ ಕಾಣುವುದರಲ್ಲೂ ಈ ಪ್ರಶ್ನೆ ಇದೆ. ಒಂದೇ ಉದ್ದದ ಎರಡು ಗೆರೆ, ಒಂದರ ತುದಿಗೆ ಒಳಮುಖದ ಬಾಣ, ಇನ್ನೊಂದಕ್ಕೆ ಹೊರಮುಖದ ಬಾಣ ಹಾಕಿದರೆ ಒಂದು ಗೆರೆ ಉದ್ದವಾಗಿ ಕಾಣುತ್ತದೆ. ಇದು ಮ್ಯುಲರ್-ಲಾಯರ್ ಭ್ರಮೆ, ಪ್ರತಿ ಕಾಲೇಜಿನ ಪ್ರಾಕ್ಟಿಕಲ್‌ನಲ್ಲೂ ಮಾಡಿಸುತ್ತಾರೆ. 1966ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಹಲವು ದೇಶಗಳ ಜನರಿಗೆ ಇದನ್ನು ತೋರಿಸಿದರು. ಅಮೆರಿಕದ ನಗರವಾಸಿಗಳು ಬಹಳ ಮೋಸಹೋದರು, ಆಫ್ರಿಕಾದ ಕಾಲಹರಿ ಪ್ರದೇಶದ ಸ್ಯಾನ್ ಜನ ಹೆಚ್ಚುಕಮ್ಮಿ ಮೋಸಹೋಗಲೇ ಇಲ್ಲ. ಮೂಲೆ, ಗೋಡೆ, ಚೌಕದ ಕಟ್ಟಡಗಳ ನಡುವೆ ಬೆಳೆದ ಕಣ್ಣು ಹಾಗೆ ಪಳಗಿರುತ್ತದೆ ಎಂಬುದು ಆ ಸಂಶೋಧಕರು ಕೊಟ್ಟ ವಿವರಣೆ. ಅದರ ಬಗ್ಗೆ ಇಂದಿಗೂ ವಾದವಿದೆ. ಆದರೂ ಒಂದು ಮಾತು ನಿಲ್ಲುತ್ತದೆ: ಒಂದು ಊರಿನವರನ್ನು ನೋಡಿ ಮನುಷ್ಯರೆಲ್ಲರ ಬಗ್ಗೆ ಮಾತಾಡಬಾರದು.

ಶಾಸ್ತ್ರ ತನ್ನನ್ನು ತಾನೇ ತಿದ್ದಿಕೊಂಡ ಇನ್ನೊಂದು ಕಥೆ ತಂದೆತಾಯಿಗಳಿಗೆ ಗೊತ್ತಿರಬೇಕಾದದ್ದು. ವಾಲ್ಟರ್ ಮಿಷೆಲ್ ಎಂಬಾತ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಪುಟ್ಟ ಮಕ್ಕಳ ಮುಂದೆ ಒಂದು ಮಿಠಾಯಿ ಇಟ್ಟು, "ಈಗಲೇ ತಿನ್ನದೆ ಕಾದರೆ ಎರಡು ಕೊಡುತ್ತೇನೆ" ಎಂದು ಹೇಳಿ ನೋಡಿದ. ಕಾದ ಮಕ್ಕಳು ದೊಡ್ಡವರಾದಾಗ ಪರೀಕ್ಷೆಗಳಲ್ಲಿ ಮುಂದಿದ್ದರು ಎಂಬ ಸುದ್ದಿ ಜಗತ್ತೆಲ್ಲ ಹಬ್ಬಿ, "ಸಂಯಮ ಇದ್ದ ಮಗು ಗೆಲ್ಲುತ್ತದೆ" ಎಂಬ ಪಾಠವಾಗಿ ಪೇರೆಂಟ್ಸ್ ಮೀಟಿಂಗುಗಳಿಗೂ ಬಂತು. 2018ರಲ್ಲಿ ಬೇರೆ ಸಂಶೋಧಕರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಹಿಡಿದು ನೋಡಿದರು. ಸಂಬಂಧ ಇತ್ತು, ಆದರೆ ಮೊದಲು ಹೇಳಿದ್ದಕ್ಕಿಂತ ಬಹಳ ಕಡಿಮೆ. ಮನೆಯ ಸ್ಥಿತಿಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಅದರಲ್ಲೂ ಹೆಚ್ಚಿನ ಪಾಲು ಕರಗಿಹೋಯಿತು. ನಾಳೆ ಮಿಠಾಯಿ ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ಇರುವ ಮನೆಯ ಮಗು ಕಾಯುತ್ತದೆ. ಆ ಖಾತ್ರಿ ಇಲ್ಲದ ಮಗು ಸಿಕ್ಕಿದ್ದನ್ನು ಈಗಲೇ ತಿನ್ನುವುದು ಬುದ್ಧಿವಂತಿಕೆಯೇ ಇರಬಹುದು.

ಮನೆಯ ಸ್ಥಿತಿಗತಿಯನ್ನು ಅಳೆಯುವುದು ಹೇಗೆ ಎಂದು ಕೇಳಿದಿರಾದರೆ ಉತ್ತರ ನಮ್ಮ ಕಡೆಯಿಂದಲೇ ಬಂದಿದೆ. ದೇಶದ ಯಾವುದೇ ಮೆಡಿಕಲ್ ಕಾಲೇಜಿನ ಸಮುದಾಯ ವೈದ್ಯ ವಿಭಾಗದಲ್ಲಿ 'ಕುಪ್ಪುಸ್ವಾಮಿ ಸ್ಕೇಲ್' ಎಂದರೆ ಎಲ್ಲರಿಗೂ ಗೊತ್ತು. ಮನೆಯ ಯಜಮಾನರ ಓದು, ಉದ್ಯೋಗ, ಕುಟುಂಬದ ತಿಂಗಳ ಆದಾಯ, ಈ ಮೂರಕ್ಕೆ ಅಂಕ ಕೊಟ್ಟು ನಗರದ ಕುಟುಂಬಗಳನ್ನು ವರ್ಗ ಮಾಡುವ ವಿಧಾನ ಅದು. 1976ರಲ್ಲಿ ಅದನ್ನು ಕೊಟ್ಟ ಬಿ. ಕುಪ್ಪುಸ್ವಾಮಿಯವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಕಲಿಸಿದವರು. ಬೆಲೆ ಏರಿದಂತೆ ಆದಾಯದ ಅಂಕಿಗಳನ್ನು ತಿದ್ದಿಕೊಂಡು ಇಂದಿಗೂ ಅದನ್ನು ಬಳಸುತ್ತಾರೆ.

ಮೈಸೂರಿನ ಹೆಸರು ಬಂದಾಗ ಎರಡು ಮಾತು ಹೆಚ್ಚು ಹೇಳಬೇಕು. ಸೈಕಾಲಜಿ ಎಂದರೆ ನಿನ್ನೆ ಮೊನ್ನೆ ಬಂದ ಫ್ಯಾಷನ್ ಎಂದುಕೊಂಡ ಬಂಧುಗಳಿಗೆ ಇದನ್ನು ತಿಳಿಸಿ. ದೇಶದ ಮೊದಲ ಮನಶ್ಶಾಸ್ತ್ರ ವಿಭಾಗ ಕಲ್ಕತ್ತೆಯಲ್ಲಿ 1916ರಲ್ಲಿ ಶುರುವಾಯಿತು. ಅದಕ್ಕೆ ಬೇಕಾದ ಪಠ್ಯಕ್ರಮವನ್ನು 1905ರಲ್ಲೇ ರೂಪಿಸಿದ್ದ ಬ್ರಜೇಂದ್ರನಾಥ ಸೀಲರು ಮುಂದೆ ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾದರು. ಅವರ ಕಾಲದಲ್ಲಿ, 1924ರಲ್ಲಿ, ಮೈಸೂರಿನಲ್ಲೂ ಮನಶ್ಶಾಸ್ತ್ರ ವಿಭಾಗ ತೆರೆಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದಿದ್ದ ಎಂ.ವಿ. ಗೋಪಾಲಸ್ವಾಮಿ. ಈ ಹೆಸರು ಎಲ್ಲೋ ಕೇಳಿದ ಹಾಗಿದೆಯೇ? 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಪುಟ್ಟ ರೇಡಿಯೋ ಕೇಂದ್ರ ಆರಂಭಿಸಿದವರೂ ಇವರೇ. ಆ ಕೇಂದ್ರದ ಹೆಸರು 'ಆಕಾಶವಾಣಿ'. ದೇಶಕ್ಕೆಲ್ಲ ಆ ಪದ ಹೋದದ್ದು ಒಬ್ಬ ಮನಶ್ಶಾಸ್ತ್ರದ ಮೇಷ್ಟರ ಮನೆಯಿಂದ.

ಕನ್ನಡದಲ್ಲಿ ಇದನ್ನೆಲ್ಲ ಬರೆದವರೂ ಇದ್ದಾರೆ. 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ನಾಡನ್ನು ನಗಿಸಿದವರು ಎಂದೇ ನಮಗೆ ಪರಿಚಯ. ಅವರಿಗೆ 1976ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮನೋರೋಗಗಳನ್ನು ಕುರಿತ 'ಮನಮಂಥನ' ಎಂಬ ಪುಸ್ತಕಕ್ಕೆ. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಟ್ಟ ಪುಟ್ಟ ಕನ್ನಡ ಪುಸ್ತಕಗಳು ಬಸ್ ನಿಲ್ದಾಣದ ಅಂಗಡಿಯಲ್ಲೂ ಸಿಗುತ್ತಿದ್ದವು. ಇನ್ನು ನಾವಿರುವ ಪುಣೆಯೂ ಹಿಂದೆ ಬಿದ್ದಿಲ್ಲ. ಸದಾಶಿವ ಪೇಠೆಯ ಜ್ಞಾನ ಪ್ರಬೋಧಿನಿಯನ್ನು 1962ರಲ್ಲಿ ಆರಂಭಿಸಿದ ಅಪ್ಪಾ ಪೆಂಡಸೆಯವರು ಮನಶ್ಶಾಸ್ತ್ರ ಓದಿದವರು. ಮಕ್ಕಳ ಬುದ್ಧಿಶಕ್ತಿಯ ಬೇರೆ ಬೇರೆ ಮುಖಗಳನ್ನು ಅಳೆಯುವ ಪರೀಕ್ಷೆಗಳ ಕೆಲಸ ಅಲ್ಲಿ ದಶಕಗಳಿಂದ ನಡೆದಿದೆ.

ಹೊರನಾಡಿನಲ್ಲಿರುವ ನಮಗೆ ಈ ವಿದ್ಯೆ ಹತ್ತಿರದ್ದು ಅನ್ನಿಸಲು ಇವೆಲ್ಲಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಅದು ಭಾಷೆ. 'ಬೇಜಾರು' ಎಂಬ ನಮ್ಮ ಒಂದು ಪದವನ್ನೇ ತೆಗೆದುಕೊಳ್ಳಿ. ಮಾಡಲು ಕೆಲಸವಿಲ್ಲದೆ ಕೂತರೂ ಬೇಜಾರು. ಯಾರಾದರೂ ಚುಚ್ಚಿ ಮಾತಾಡಿದರೂ ಬೇಜಾರು. ಹತ್ತಿರದವರು ಸತ್ತರೂ ಬೇಜಾರು. ಬದುಕೇ ಬೇಡ ಅನ್ನಿಸಿದಾಗಲೂ ಬಾಯಿಗೆ ಬರುವುದು ಅದೇ "ತುಂಬಾ ಬೇಜಾರಾಗಿದೆ." ಯಾವ ಬೇಜಾರು ಎಂಬುದು ದನಿಯಲ್ಲಿ, ಸಂದರ್ಭದಲ್ಲಿ, ಹೇಳಿ ಸುಮ್ಮನಾಗುವ ರೀತಿಯಲ್ಲಿ ಇರುತ್ತದೆ. ಮರಾಠಿಯಲ್ಲೂ 'ಬೇಜಾರ್' ಇದೆ, ಆದರೆ ಅದು ಸಾಕಾಗಿ ಹೋಗಿದೆ, ರೋಸಿಹೋಗಿದೆ ಎಂಬ ಕಡೆಗೆ ವಾಲುತ್ತದೆ. ಇಂಗ್ಲಿಷಿಗೆ ತಿರುಗಿಸಿದರೆ 'ಬೋರ್' ಎಂದಾಗಿ ಮುಗಿಯುತ್ತದೆ. ಮಗನ ಸಂಸಾರದ ಜೊತೆ ಇರಲು ವಿಜಯಪುರದಿಂದ ವಾಕಡಿನ ಹನ್ನೊಂದನೆಯ ಮಹಡಿಗೆ ಬಂದ ತಾಯಿಯೊಬ್ಬರು ಡಾಕ್ಟರ ಎದುರು ಕೂತು, "ಯಾಕೋ ಒಂಥರಾ ಆಗ್ತೈತ್ರಿ" ಅಂದರೆ ಅದನ್ನು ಮಗ ಯಾವ ಭಾಷೆಗೆ ಹೇಗೆ ಅನುವಾದ ಮಾಡಬೇಕು? 'ಒಂಥರಾ' ಎಂಬುದರೊಳಗೆ ಎದೆಬಡಿತವಿರಬಹುದು, ಊರಿನ ಅಂಗಳದ ಹಂಬಲವಿರಬಹುದು, ಸೊಸೆಗೆ ಹೊರೆಯಾದೆನೆಂಬ ಸಂಕಟವಿರಬಹುದು. ಕೊನೆಯದನ್ನು ಮಗನ ಎದುರಿಗೆ ಆಕೆ ಹೇಳುವುದೂ ಇಲ್ಲ.

ಇದನ್ನು ಬೆಂಗಳೂರಿನಲ್ಲೇ ಅಳೆದು ನೋಡಿದ್ದಾರೆ. ನಿಮ್ಹಾನ್ಸ್‌ನ ಆರ್. ರಘುರಾಂ ಮತ್ತು ಸಂಗಡಿಗರು 80 ಹೊರರೋಗಿಗಳನ್ನು ವಿವರವಾಗಿ ಮಾತಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದವರಿಗೆ ಜನ ಏನಂದಾರು ಎಂಬ ಕಳಂಕದ ಭಯ ಹೆಚ್ಚಿತ್ತು. ಮೈಕೈ ನೋವು, ಸಂಕಟ ಎಂದು ದೇಹದ ಮೂಲಕ ಹೇಳಿಕೊಂಡವರಲ್ಲಿ ಆ ಭಯ ಕಡಿಮೆ. ತಲೆನೋವು ಎಲ್ಲರಿಗೂ ಬರುತ್ತದೆ, ಯಾರೂ ಏನೂ ಅನ್ನುವುದಿಲ್ಲ. ಮನಸ್ಸು ಸರಿಯಿಲ್ಲ ಎಂದರೆ ಮಗಳ ಮದುವೆಗೆ ತೊಡಕು. ಹಾಗಾಗಿ ನಮ್ಮ ಹೆಂಗಸರ ಬೆನ್ನುನೋವು, ನಮ್ಮ ಗಂಡಸರ ಹೊಟ್ಟೆಯುರಿ ಎಷ್ಟೋ ಸಲ ಹೇಳಲು ಸಾಧ್ಯವಾದ ಮಾತುಗಳು. ಹೇಳಲಾಗದ ಮಾತು ಅದರ ಹಿಂದೆ ಕೂತಿರುತ್ತದೆ. ಇದನ್ನು ತಿಳಿದವರು "ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ, ನಾಟಕ" ಎಂದು ಕೈತೊಳೆದುಕೊಳ್ಳುವುದಿಲ್ಲ. ಇನ್ನೊಂದು ಪ್ರಶ್ನೆ ಕೇಳುತ್ತಾರೆ.

ಭಾಷೆಯ ಬಗ್ಗೆ ಇನ್ನೊಂದು ಸುದ್ದಿ, ಇದು ಸಂತೋಷದ್ದು. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಮರೆಗುಳಿ ಕಾಯಿಲೆಯ 648 ಜನರ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಒಂದೇ ಭಾಷೆ ಆಡುವವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಯಿಲೆ ಶುರುವಾಗಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ಮೇಲೆ ಹೇಳಿದ ಅನುಮಾನದ ಪಾಠ ಇಲ್ಲಿಗೂ ಅನ್ವಯಿಸುತ್ತದೆ. ಆದರೂ ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ಮರಾಠಿ, ಆಟೋದಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್ ಎಂದು ದಿನವಿಡೀ ಭಾಷೆ ಬದಲಿಸುವ ನಮಗೆ, ಈ ಒದ್ದಾಟ ವ್ಯರ್ಥವಲ್ಲ ಎಂದು ಅಂದುಕೊಳ್ಳಲು ಒಂದು ಆಧಾರ ಸಿಕ್ಕಿತು.

ಈಗ ಚಿಕ್ಕಪ್ಪನ ಪ್ರಶ್ನೆ. ಮುಂದೇನು? ಇದಕ್ಕೆ ಸಿಹಿ ಸವರದೆ ಉತ್ತರ ಹೇಳಬೇಕು. ಮೂರು ವರ್ಷದ ಬಿ.ಎ. ಮುಗಿಸಿದ ಮಾತ್ರಕ್ಕೆ ಯಾರೂ ಮನಶ್ಶಾಸ್ತ್ರಜ್ಞರಾಗುವುದಿಲ್ಲ. ಫರ್ಗ್ಯುಸನ್, ಎಸ್.ಪಿ. ಕಾಲೇಜಿನಂಥ ಕಡೆ ಪದವಿ ಮಾಡಿದ ಮೇಲೆ ಎಂ.ಎ. ಬೇಕು. ಚಿಕಿತ್ಸೆ ನೀಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಕೋರ್ಸು ಮುಗಿಸಿ, ಅದರಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಆ ಕೋರ್ಸುಗಳ ಸ್ವರೂಪ ಈ ವರ್ಷಗಳಲ್ಲಿ ಬದಲಾಗುತ್ತಿದೆ, ಆದ್ದರಿಂದ ಫೀಸು ಕಟ್ಟುವ ಮೊದಲು ಪರಿಷತ್ತಿನ ಪಟ್ಟಿಯಲ್ಲಿ ಕಾಲೇಜಿನ ಹೆಸರು ಇದೆಯೇ ಎಂದು ನೋಡಿಕೊಳ್ಳಿ. ಸೀಟು ಕಡಿಮೆ, ಪೈಪೋಟಿ ಜೋರು. ಮಾತ್ರೆ ಬರೆದುಕೊಡುವ ಮನೋವೈದ್ಯರ ದಾರಿಯೇ ಬೇರೆ, ಅದು ಎಂ.ಬಿ.ಬಿ.ಎಸ್. ಮೂಲಕ ಹೋಗುವುದು. ಶಾಲೆಯ ಕೌನ್ಸೆಲರ್, ಕಂಪನಿಗಳ ಮಾನವ ಸಂಪನ್ಮೂಲ ವಿಭಾಗ, ಗ್ರಾಹಕರ ಅಧ್ಯಯನ, ವಿಶೇಷ ಮಕ್ಕಳ ಶಿಕ್ಷಣ, ಸಂಶೋಧನೆ, ಹೀಗೆ ದಾರಿಗಳಿವೆ. ಎಂಜಿನಿಯರಿಂಗ್ ಮುಗಿದ ವರ್ಷವೇ ಸಂಬಳ ಬರುವಂತೆ ಇಲ್ಲಿ ಬರುವುದಿಲ್ಲ. ಆರೇಳು ವರ್ಷ ಮನೆಯ ಬೆಂಬಲ ಬೇಕಾಗುತ್ತದೆ ಎಂಬ ಲೆಕ್ಕ ಹಾಕಿಕೊಂಡೇ ಕಳಿಸಿ.

ಲೆಕ್ಕದ ಇನ್ನೊಂದು ಬದಿಯನ್ನೂ ನೋಡಿ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರು ವಯಸ್ಕರಲ್ಲಿ ಹತ್ತಕ್ಕಿಂತ ತುಸು ಹೆಚ್ಚು ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ. ಅಂಥವರಲ್ಲಿ, ಕಾಯಿಲೆಗೆ ತಕ್ಕಂತೆ, ಶೇಕಡಾ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ದೊರೆತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ಚಿಕಿತ್ಸೆಯನ್ನು ಹಕ್ಕು ಎಂದಿತು. ಹಕ್ಕು ಕಾಗದದಲ್ಲಿದೆ, ಕೂತು ಕೇಳುವವರು ಸಾಲದು. ಅದರಲ್ಲೂ ಕನ್ನಡದಲ್ಲಿ ಕೇಳುವವರು ಪುಣೆಯಂಥ ಊರಲ್ಲಿ ಎಷ್ಟಿದ್ದಾರು? ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ಕುಂದಾಪುರದ ಹುಡುಗ, ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿಯ ಗಂಡಹೆಂಡತಿ, ಹಿಂಜವಡಿಯ ಕಂಪನಿಯಲ್ಲಿ ರಾತ್ರಿ ಪಾಳಿ ಮಾಡುವ ದಾವಣಗೆರೆಯ ಹುಡುಗಿ, ಇವರಿಗೆಲ್ಲ ತಮ್ಮ ಮಾತಿನಲ್ಲಿ ಹೇಳಿಕೊಳ್ಳಲು ಒಂದು ಕುರ್ಚಿ ಬೇಕು. ಕನ್ನಡ ಮರಾಠಿ ಎರಡೂ ಮನೆಮಾತಿನಂತೆ ಬರುವ ನಮ್ಮ ಮಕ್ಕಳಲ್ಲಿ ಒಬ್ಬಳು ಆ ಕುರ್ಚಿಯ ಎದುರು ಕೂರುವಂತಾದರೆ "ಮುಂದೇನು" ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಬೇಕೇ?

ಹೊಸದಾಗಿ ಸೇರಿದ ಮಕ್ಕಳಿಗೂ ಒಂದು ಕಿವಿಮಾತು. ಮೊದಲ ವರ್ಷದಲ್ಲಿ ಒಂದು ಚಾಳಿ ಅಂಟಿಕೊಳ್ಳುತ್ತದೆ. ಪುಸ್ತಕದಲ್ಲಿ ಓದಿದ ಕಾಯಿಲೆಗಳೆಲ್ಲ ಮನೆಯವರಲ್ಲಿ ಕಾಣತೊಡಗುತ್ತವೆ. ಪಾತ್ರೆ ಎರಡು ಸಲ ತೊಳೆಯುವ ಅಮ್ಮನಿಗೆ ಓಸಿಡಿ, ಕನ್ನಡಿ ನೋಡುವ ಅಣ್ಣ ನಾರ್ಸಿಸಿಸ್ಟ್, ಬೇಗ ಸಿಟ್ಟಾಗಿ ಬೇಗ ಇಳಿಯುವ ಅತ್ತೆ ಬೈಪೋಲಾರ್. ಇನ್‌ಸ್ಟಾಗ್ರಾಂ ಈ ಬೆಂಕಿಗೆ ತುಪ್ಪ ಸುರಿಯುತ್ತದೆ. ಹೆಸರಿಡುವುದು ತಿಳಿದುಕೊಂಡ ಹಾಗಲ್ಲ. ತರಬೇತಾದ ವೈದ್ಯರು ಗಂಟೆಗಟ್ಟಲೆ ಮಾತಾಡಿಸಿ, ತೊಂದರೆ ಎಷ್ಟು ದಿನದಿಂದ ಇದೆ, ದಿನದ ಕೆಲಸಕ್ಕೆ ಎಷ್ಟು ಅಡ್ಡಿ ಎಂದು ನೋಡಿ ಇಡುವ ಹೆಸರನ್ನು ಊಟದ ಮೇಜಿನಲ್ಲಿ ಹಂಚಬಾರದು.

ಹೆಸರು ಬೇಡವೆಂದೂ ಅಲ್ಲ. ಪುಣೆಯಲ್ಲೇ ತಯಾರಾದ 'ಅಸ್ತು' ಎಂಬ ಮರಾಠಿ ಸಿನಿಮಾವನ್ನು ಸಿಕ್ಕರೆ ಮನೆಯವರೆಲ್ಲ ಕೂತು ನೋಡಿ. ಸುಮಿತ್ರಾ ಭಾವೆ ಮತ್ತು ಸುನಿಲ್ ಸುಕ್ತಣಕರ್ ನಿರ್ದೇಶಿಸಿದ 2013ರ ಚಿತ್ರ. ಮರೆವಿನ ಕಾಯಿಲೆ ಬಂದ ಸಂಸ್ಕೃತ ಪಂಡಿತರ ಪಾತ್ರ ಮಾಡಿದ ಮೋಹನ್ ಆಗಾಶೆ ಸ್ವತಃ ಪುಣೆಯ ಮನೋವೈದ್ಯರು. ಕಾರಿನಲ್ಲಿ ಕೂರಿಸಿದ್ದ ಆ ಮುದುಕ ಬೀದಿಯಲ್ಲಿ ಹೋಗುವ ಆನೆಯ ಬೆನ್ನು ಹತ್ತಿ ಕಳೆದುಹೋಗುತ್ತಾರೆ, ಮಾವುತನ ಸಂಸಾರದ ಜೊತೆ ಸೇರುತ್ತಾರೆ. ಮಾವುತನ ಹೆಂಡತಿ ಚನ್ನಮ್ಮ ನಮ್ಮ ಕಡೆಯವಳು. ಆ ಪಾತ್ರಕ್ಕೆ ಅಮೃತಾ ಸುಭಾಷ್‌ಗೆ ರಾಷ್ಟ್ರ ಪ್ರಶಸ್ತಿ ಬಂತು. ಮಗಳಿಗೆ ಕಾಯಿಲೆಯ ಹೆಸರು ಗೊತ್ತು, ಅದರ ಮುಂದಿನ ಹಂತಗಳೂ ಗೊತ್ತು, ಅದಕ್ಕೇ ಅವಳ ಸಂಕಟ. ಚನ್ನಮ್ಮನಿಗೆ ಹೆಸರು ಗೊತ್ತಿಲ್ಲ. ಎದುರಿಗಿರುವ ಮುದುಕ ಮಗುವಿನ ಹಾಗಾಗಿದ್ದಾನೆ ಎಂದು ಕಂಡುಕೊಂಡು ಮಗುವಿನ ಹಾಗೇ ನೋಡಿಕೊಳ್ಳುತ್ತಾಳೆ. ಚಿತ್ರ ಇಬ್ಬರಲ್ಲಿ ಯಾರನ್ನೂ ಸಣ್ಣವರನ್ನಾಗಿ ಮಾಡುವುದಿಲ್ಲ. ಮಗಳ ತಿಳಿವಳಿಕೆಯೂ ಚನ್ನಮ್ಮನ ತಾಳ್ಮೆಯೂ ಒಬ್ಬರಲ್ಲೇ ಕೂಡಿಬರಲಿ ಎಂದೇ ಈ ಶಾಸ್ತ್ರ ಓದಿಸುವುದು.

ಕನ್ನಡದಲ್ಲಿ 'ಕೇಳು' ಎಂಬ ಒಂದೇ ಪದಕ್ಕೆ ಎರಡು ಕೆಲಸ: ಪ್ರಶ್ನೆ ಹಾಕುವುದು, ಕಿವಿಗೊಡುವುದು. ಇಂಗ್ಲಿಷಿನಲ್ಲಿ ಈ ಎರಡಕ್ಕೆ ಬೇರೆ ಬೇರೆ ಪದ. ಮರಾಠಿಯಲ್ಲೂ ವಿಚಾರಣೆ ಬೇರೆ, ಐಕಣೆ ಬೇರೆ. ಮನಸ್ಸು ಓದುವ ಮಂತ್ರ ಕಲಿಯಲು ಹೋದವರಿಗೆ ಮನಶ್ಶಾಸ್ತ್ರ ಕೊನೆಗೆ ಕಲಿಸುವುದು ನಮ್ಮ ಆ ಒಂದು ಪದವನ್ನು. ಕಂಡದ್ದನ್ನು ನಂಬುವ ಮೊದಲು ಕೇಳು, ತೀರ್ಪು ಕೊಡುವ ಮೊದಲು ಕೇಳು, ಕೇಳಿದ ಮೇಲೆ ಸುಮ್ಮನಿದ್ದು ಕೇಳು. ಆದ್ದರಿಂದ ಇನ್ನು ಮೇಲೆ ಯಾರಾದರೂ "ನನ್ನ ಮನಸ್ಸಲ್ಲಿ ಏನಿದೆ ಹೇಳು" ಅಂದರೆ ಓದುತ್ತಿರುವ ಮಕ್ಕಳು ನಾಚಬೇಕಾಗಿಲ್ಲ. "ಗೊತ್ತಿಲ್ಲ ಮಾವ, ನೀವೇ ಹೇಳಿ, ಕೂತು ಕೇಳ್ತೀನಿ" ಅಂದರೆ ಸಾಕು. ಎಷ್ಟೋ ಮಾವಂದಿರು ಯಾರಾದರೂ ಹಾಗೆ ಹೇಳಲಿ ಎಂದೇ ಕಾದಿರುತ್ತಾರೆ.

ನಿಮ್ಮ ಮನೆಯಲ್ಲಿ ಸೈಕಾಲಜಿ ಓದಿದವರು ಯಾರೂ ಇಲ್ಲದೆ, ಮನಸ್ಸಿಗೆ ಯಾಕೋ ಒಂಥರಾ ಆಗಿದ್ದರೆ 14416 ಎಂಬ ನಂಬರು ಬರೆದಿಟ್ಟುಕೊಳ್ಳಿ. ಅದು ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ. ಭಾಷೆ ಆರಿಸಿಕೊಳ್ಳಿ ಅಂದಾಗ ಕನ್ನಡ ಆರಿಸಿಕೊಳ್ಳಿ. ಬೇಜಾರು ಎಂಬ ಪದವನ್ನು ಅನುವಾದ ಮಾಡದೆ ಹಾಗೇ ಹೇಳಿ.